ಬೆಳಗಾದ ಮೇಲೆ ರಾತ್ರಿ ಗುಳಿಗೆ

ಖಾನಾಪುರದ ನಮ್ಮ ಮನೆಯಲ್ಲಿ ಬೆಳಕು ಮೊದಲು ಬಂದು ಕೂಡುವುದು ಅಡುಗೆಮನೆಯ ಕೊಡದ ಮೇಲೆ. ನೀರು ಸೋಸಲು ಅದರ ಬಾಯಿಗೆ ಅತ್ತೆ ಕಟ್ಟಿದ ಬಿಳಿ ಬಟ್ಟೆ ಆಗ ಹಾಲಿನ ಕೆನೆಯ ಹಾಗೆ ಕಾಣುತ್ತದೆ. ಅದರ ಪಕ್ಕ ನಿಂತು, ಕಣ್ಣು ಮುಚ್ಚಿ, ಅತ್ತೆ ಗುಳಿಗೆ ನುಂಗುವರು. ಬೇರೇನನ್ನೂ ಬಾಯಿಗೆ ಹಾಕದೆ, ಅಕ್ಕಿಯ ಪುಟ್ಟ ಡಬ್ಬಿ ಹಿಡಿದು ಬಸದಿಗೆ ಹೊರಡುವರು. ಒಬ್ಬರೇ. ನಾನೂ ಬರುತ್ತೇನೆಂದರೆ ಒಪ್ಪುತ್ತಿರಲಿಲ್ಲ.

"ನೀ ಬಂದ್ರ ನಿನ್ನ ಜೋಡಿ ಮಾತಾಡಬೇಕಾಗ್ತದ. ಹಾದ್ಯಾಗ ನಂದು ಬ್ಯಾರೆ ಮಾತುಕತಿ ಇರ್ತೈತಿ."

ಯಾರೊಡನೆ ಎಂದು ನಾನು ಕೇಳಿದವಳಲ್ಲ. ಮಂಜಿನೊಳಗೆ ಅವರ ಬಿಳಿ ಸೀರೆ ಕರಗುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದೆ.

ರಕ್ತದೊತ್ತಡಕ್ಕೆಂದು ಬೆಳಗಾವಿಯ ಟಿಳಕವಾಡಿಯ ಡಾಕ್ಟರಮ್ಮ ಎರಡು ಗುಳಿಗೆ ಕೊಟ್ಟಿದ್ದರು. ಬೆಳಿಗ್ಗೆ ಒಂದು, ರಾತ್ರಿ ಊಟವಾದ ಮೇಲೆ ಒಂದು. ಔಷಧಿಯ ಡಬ್ಬಿಯನ್ನು ಅತ್ತೆ ಇನ್ನೊಬ್ಬರ ಕೈಗೆ ಕೊಡುವವರಲ್ಲ; ಕೊಟ್ಟಷ್ಟೂ ಖಾಲಿಯಾಗುತ್ತಿತ್ತು, ಚಿಂತೆಗೆ ಕಾರಣವಿರಲಿಲ್ಲ. ಆದರೆ ಕೆಲವು ವಾರಗಳಲ್ಲಿ ಅವರಿಗೆ ತಲೆ ತಿರುಗತೊಡಗಿತು. ಅದೂ ಮುಂಜಾನೆಯೇ. "ನೆಲ ತೊಟ್ಟಿಲಾಗೈತಿ, ಯಾರೋ ತೂಗಾಕತ್ತಾರ" ಎನ್ನುವರು. ಕಿವಿ ತೋರಿಸಿದೆವು, ರಕ್ತ ತಪಾಸಣೆಯಾಯಿತು. ಏನೂ ಸಿಗಲಿಲ್ಲ. ಒಂದು ದಿನ ಬಸದಿಯ ಮೆಟ್ಟಿಲಲ್ಲಿ ವಾಲಿದವರನ್ನು ಹೂ ಮಾರುವವಳು ಹಿಡಿದುಕೊಂಡಳು. ಅಕ್ಕಿ ಮೆಟ್ಟಿಲ ತುಂಬ ಚೆಲ್ಲಿತ್ತಂತೆ.

ಆಟೋ ನಗರದ ವರ್ಕ್‌ಶಾಪಿನ ಕೆಲಸಕ್ಕೆ ಹೊರಟು ನಿಂತಿದ್ದ ನಮ್ಮ ಯಜಮಾನರು ಅಂದೇ ಹೇಳಿಬಿಟ್ಟರು: "ಅವ್ವಾ, ಇನ್ನ ಒಬ್ಬಾಕೀನ ಹೊರಗ ಹೋಗೂದು ಬಂದ್. ಮನ್ಯಾಗ ಕೈ ಮುಗಿ."

 ಮರುದಿನ ಅತ್ತೆ ಗುಳಿಗೆ ನುಂಗಿ, ಡಬ್ಬಿಗೆ ಅಕ್ಕಿ ತುಂಬಿಕೊಂಡು, ಹೊಸ್ತಿಲ ಒಳಗೇ ಕುಳಿತರು. ಬೀದಿ ಪೂರ್ತಿ ಬೆಳಗಾಗುವವರೆಗೆ ಕುಳಿತೇ ಇದ್ದರು.

ಡಾಕ್ಟರಮ್ಮನ ಬಳಿಗೆ ಮತ್ತೆ ಕರೆದುಕೊಂಡು ಹೋದೆ. ಲೋಂಡಾ ಕಡೆಯಿಂದ ಬಂದ ರೈಲಿನಲ್ಲಿ ಇನ್ನೂ ಕಾಡಿನ ತಂಪಿತ್ತು. ಕಿಟಕಿಗೆ ತಲೆಯಾನಿಸಿ ಅತ್ತೆ ಅರೆನಿದ್ದೆಯಲ್ಲಿದ್ದರು. ಹೊರಗಿನ ಗದ್ದೆಗಳ ಹಸಿರು ಅವರ ಕನ್ನಡಕದ ಮೇಲೆ ಹರಿದು ಹೋಗುತ್ತಿತ್ತು. ಕಣ್ಣು ತೆರೆಯದೆಯೇ ಕೇಳಿದರು: "ಸೊಸಿ, ಡಾಕ್ಟರೂ ಬ್ಯಾಡ ಅಂದ್ರ, ಬಸದಿ ಹಾದಿ ಮುಗೀತೇನ?" ನಾನು ಅವರ ಸೆರಗು ಸರಿಪಡಿಸಿದೆ.

ಡಾಕ್ಟರಮ್ಮ ಎಲ್ಲ ಕೇಳಿ, ತಲೆಯ ಸ್ಕ್ಯಾನ್ ಮಾಡಿಸೋಣವೆಂದು ಬರೆಯತೊಡಗಿದರು. ಅತ್ತೆ ಮೆಲ್ಲಗೆ ಕೆಮ್ಮಿದರು.

"ಡಾಕ್ಟರ್ರ, ಒಂದ್ ಕೇಳ್ಲೇನ್ರಿ? ನಿನ್ನಿ ರಾತ್ರೀದೂ ಇವತ್ತಿನ ಮುಂಜಾನೀದೂ ಕೂಡೇ ಒಳಗ ಹೋದ್ರ, ಹೊಟ್ಯಾಗ ಜಗಳಾಡಂಗಿಲ್ಲಲ್ಲ?"

ಪೆನ್ನು ನಿಂತಿತು. "ಕೂಡೇ ಯಾಕ್ ತಗೊಂತೀರಿ ಅಜ್ಜಿ?"

"ಹೊತ್ತು ಮುಳುಗಿದ ಮ್ಯಾಲ ನಾವು ನೀರೂ ಮುಟ್ಟಂಗಿಲ್ರಿ. ಬಾಳ ವರ್ಷದ ನೇಮ."

"ಮತ್ತ ಹೊತ್ತು ಇದ್ದಾಗಿನ ಊಟದ ಜೋಡಿ ತಗೋಬೇಕಿಲ್ಲ?"

"ಅದ್ಹೆಂಗ್ರಿ! ನೀವು ರಾತ್ರಿ ಅಂತ ಹೇಳೀರಿ. ಹಗಲಾಗ ನುಂಗಿದ್ರ ನಿಮ್ಮ ಮಾತು ಮುರಿದಂಗ, ರಾತ್ರಿ ನುಂಗಿದ್ರ ನೇಮ ಮುರಿದಂಗ. ಅದಕ್ಕ ಹೊತ್ತು ಮೂಡೂತನ ಇಟಗೊಂಡು, ಮೊದಲ ರಾತ್ರೀದು, ಆಮ್ಯಾಲ ಮುಂಜಾನೀದು ತಗೊಂಡೀನ್ರಿ. ಒಂದೂ ಬಿಟ್ಟಿಲ್ಲ, ಖರೇ."

ನಾನು ಅತ್ತೆಯ ಮುಖ ನೋಡಿದೆ. ಡಾಕ್ಟರ ಮಾತು, ದೇವರ ನೇಮ ಎರಡನ್ನೂ ಉಳಿಸಿದ ಸಮಾಧಾನ ಅಲ್ಲಿತ್ತು. ಡಾಕ್ಟರಮ್ಮ ನಗು ತಡೆದುಕೊಂಡು, ಕುಳಿತಾಗೊಮ್ಮೆ ನಿಂತಾಗೊಮ್ಮೆ ಒತ್ತಡ ನೋಡಿದರು. ಬರೆಯುತ್ತಿದ್ದ ಚೀಟಿಯನ್ನು ಮಡಿಚಿ ಬದಿಗಿಟ್ಟರು.

"ಸ್ಕ್ಯಾನ್ ಸದ್ಯಕ್ಕ ಬ್ಯಾಡ. ಎರಡೂ ಕೂಡೇ, ಅದೂ ಖಾಲಿ ಹೊಟ್ಟಿಲೆ ನಡದ್ರ ಯಾರಿಗರೆ ತಲಿ ತಿರಗತೈತಿ. ಇನ್ನ ಮ್ಯಾಲ ಸಂಜಿ ಊಟದ ಜೋಡಿ ಒಂದು ತಗೋರಿ. ನಿಮ್ಮ ಊಟ ಮುಗೀತಂದ್ರ ನನ್ನ ಗುಳಿಗಿಗೂ ರಾತ್ರಿ ಆತು. ಇದು ನನ್ನ ಮಾತ. ಹದಿನೈದು ದಿನ ಬಿಟ್ಟು ಬಂದು ತೋರಸ್ರಿ."

"ನೀವ ಹೇಳಿದ್ರ ಆತ್ರಿ" ಎಂದರು ಅತ್ತೆ, ಏನೋ ಬಿಡುಗಡೆಯಾದಂತೆ.

ಆ ಸಂಜೆ ಮೋಡ ಕವಿದಿತ್ತು. ರೊಟ್ಟಿ ಮುಗಿಸಿ, ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೆ ಕೇಳಿದರು: "ಸೊಸಿ, ಹೊತ್ತು ಮುಳುಗಿತೇನ?" ಅಂಗಳಕ್ಕೆ ಹೋಗಿ ನೋಡಿದೆ. ಮೋಡದ ಯಾವುದೋ ಸಂದಿಯಿಂದ ಇಳಿದ ಅರಿಶಿನದಂಥ ಬೆಳಕು ಎದುರುಮನೆಯ ಗೋಡೆಯ ತುದಿಯಲ್ಲಿ ಇನ್ನೂ ಅಂಟಿಕೊಂಡಿತ್ತು.

"ಇಲ್ರಿ ಅತ್ತಿ, ಗ್ವಾಡಿ ಮ್ಯಾಲ ಇನ್ನೂ ಐತಿ."

ಒಳಗೆ ನೀರು ಗಂಟಲಿಳಿಯುವ ಸದ್ದು ಕೇಳಿತು. ನಾನು ಗೋಡೆ ನೋಡುತ್ತ ನಿಂತೇ ಇದ್ದೆ. ಬೆಳಕು ಯಾವಾಗ ಹೋಯಿತೋ ತಿಳಿಯಲಿಲ್ಲ.

ನೆಲ ತೂಗುವುದು ಕ್ರಮೇಣ ನಿಂತಿತು. ಮತ್ತೆ ತೋರಿಸಿದಾಗ ಡಾಕ್ಟರಮ್ಮ ಬಸದಿಯ ಹಾದಿಗೆ ಅಡ್ಡಿಯಿಲ್ಲವೆಂದರು. ನಮ್ಮ ಯಜಮಾನರು ಹೂಂ ಅಂದರು, ಆದರೆ ಮೊದಲ ಬೆಳಿಗ್ಗೆ ಚಪ್ಪಲಿಯ ಸದ್ದಾಗದಂತೆ ತಾಯಿಯ ಹಿಂದೆಯೇ ನಡೆದರು. ನಾನು ಬಾಗಿಲಲ್ಲಿದ್ದೆ. ಬೀದಿಯ ತಿರುವಿನಲ್ಲಿ ಬಿಳಿ ಸೀರೆ ನಿಂತಿತು. ಹಿಂದೆ ತಿರುಗದೆಯೇ ಅತ್ತೆ ಅಂದದ್ದು ಮಂಜಿನಲ್ಲಿ ತೇಲಿ ನನ್ನವರೆಗೂ ಬಂತು.

"ಯಪ್ಪಾ, ಆಟೋ ನಗರದ ಹಾದಿ ಆ ಕಡೆ ಐತಿ ನೋಡು."