ಸುದ್ದಿಗೆ ಮೊದಲಿನ ದೀಪ

ಹುಬ್ಬಳ್ಳಿಯ ಒಂದು ಲೋಕಲ್ ಕೇಬಲ್ ಚಾನೆಲ್ಲಿಗೆ ಸಂಜೆಯ ಸುದ್ದಿಗೆ ಮೊದಲು ಬರುವ ಗುರುತಿನ ತುಣುಕು ಮಾಡಿದ್ದೆ. ಕತ್ತಲಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ಚಾನೆಲ್ಲಿನ ಹೆಸರು ಮೂಡುತ್ತದೆ, ಮತ್ತೆ ಕತ್ತಲು. ಆ ಜ್ವಾಲೆ ಅಲುಗಾಡುವ ಹಾಗೆ ಮಾಡಲು ಕಂಪ್ಯೂಟರಿನ ಮುಂದೆ ವಾರಗಟ್ಟಲೆ ಕೂತಿದ್ದೆ.

ಅರಳೆ ವ್ಯಾಪಾರಿಯಾದ ಮಾಲೀಕರು ನೋಡಿ, “ಛಲೋ ಆಗೇತ್ರಿ” ಅಂದರು. ಪಕ್ಕದಲ್ಲಿ ಕೂತಿದ್ದ ಅವರ ತಾಯಿ ಮಾತ್ರ, “ದೀಪ ಯಾಕ ಆರಿಸಿದ್ಯೋ ತಮ್ಮಾ?” ಎಂದು ಕೇಳಿದರು.

“ಅಲ್ಲಿಗೆ ಮುಗೀತಲ್ರಿ ಅವ್ವಾರ.”

“ಸಂಜಿಮುಂದ ಮಂದಿ ಮನ್ಯಾಗ ದೀಪ ಆರಸಾಕ ಹೊಂಟೀಯೇನು?”

ಮಾಲೀಕರು ನನ್ನ ಕಡೆ ತಿರುಗಿ, “ಆರಸಬ್ಯಾಡ್ರಿ ಮತ್ತ” ಅಂದರು.

ಕೊನೆಯ ಕತ್ತಲು ತೆಗೆದೆ. ದೀಪವನ್ನು ಸಣ್ಣದು ಮಾಡಿ ಪರದೆಯ ಮೂಲೆಯಲ್ಲಿಟ್ಟೆ. ಸುದ್ದಿ, ಸಿನಿಮಾ, ಸೀರೆ ಅಂಗಡಿಯ ಜಾಹೀರಾತು, ಎಲ್ಲದರ ಮೇಲೂ ಅದು ಉರಿಯುತ್ತಲೇ ಇತ್ತು. ಆರಿಸುವ ಪಾಪ ದಿನಾ ಸಂಜೆ ಕರೆಂಟು ತೆಗೆಯುವವರ ಪಾಲಿಗೆ ಹೋಯಿತು.