ಹವಳಗಾಕ್ಕೆ ಇಬ್ಬರು

ಶನಿವಾರ ಮಧ್ಯಾಹ್ನ ಮೂರರ ಬಿಸಿಲಿಗೆ ಜೇವರ್ಗಿಯಲ್ಲಿ ನಾಯಿಗಳು ಕೂಡ ಗೋಡೆಯ ನೆರಳು ಬಿಟ್ಟು ಏಳುವುದಿಲ್ಲ. ಸುವಾರ್ತಮ್ಮ ಏಳುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೊಂದು ಒದ್ದೆ ಟವೆಲ್ಲು ಹಾಕಿಕೊಂಡು, ಮರುದಿನ ಚರ್ಚಿನಲ್ಲಿ ಯಾರ ಕೆಲಸ ಏನು ಎಂದು ಓಣಿ ಓಣಿ ತಿರುಗಿ ಹೇಳಿ ಬರುತ್ತಿದ್ದಳು. ಜಮಖಾನ ಹಾಸುವವರು ಯಾರು, ನೀರು ತುಂಬುವವರು ಯಾರು, ಬಾಗಿಲಲ್ಲಿ ನಿಂತು ಬಂದವರನ್ನು ಕರೆದು ಕೂರಿಸುವವರು ಯಾರು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಬರುವವರು ಯಾರು, ಎಲ್ಲವೂ ಅವಳ ಬಾಯಲ್ಲೇ ಇತ್ತು. ವಾರವಿಡೀ ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆದು, ಮನೆಗೆ ಬಂದು ರೊಟ್ಟಿ ಬಡಿದು ಸುಸ್ತಾದ ಹೆಂಗಸರನ್ನು ಭಾನುವಾರ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಪುಕ್ಕಟೆ ಕೆಲಸಕ್ಕೆ ಹಚ್ಚುವುದೆಂದರೆ ಆಟವೇ? ಒಮ್ಮೆ ಮಾಡಿ ನೋಡಿ, ಗೊತ್ತಾಗುತ್ತದೆ.

ಅವಳು ತಾಲೂಕು ಕಚೇರಿಯ ಜವಾನ ಶಾಂತರಾಜನ ಹೆಂಡತಿ. ಓದಿದ್ದು ನಾಲ್ಕನೆಯ ಇಯತ್ತೆ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಂದು ತಗಡಿನ ಛಾವಣಿಯ ಕೆಳಗೆ ಹನ್ನೊಂದು ಜನ ಕೂತು ಪ್ರಾರ್ಥನೆ ಆರಂಭಿಸಿದಾಗ ಕಸ ಹೊಡೆದವಳು ಅವಳೇ, ನೀರು ತಂದವಳೂ ಅವಳೇ. ಎಂಬತ್ತೆಂಟರ ಹೊತ್ತಿಗೆ ಸಭೆ ಇನ್ನೂರು ದಾಟಿತ್ತು, ಅವಳ ಸೇವಾ ತಂಡದಲ್ಲಿ ಇಪ್ಪತ್ತಾರು ಹೆಂಗಸರಿದ್ದರು.

ಜನರನ್ನು ಕೆಲಸಕ್ಕೆ ಹಚ್ಚುವ ಅವಳ ರೀತಿಯೇ ಬೇರೆ. ರತ್ನಮ್ಮ ಎಂಬ ಹೆಂಗಸು ತಂಡಕ್ಕೆ ಬಂದಾಗ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಅಂಥವಳನ್ನು ಸುವಾರ್ತಮ್ಮ ಬಾಗಿಲಲ್ಲಿ ನಿಲ್ಲಿಸಿದಳು. ಮೂರು ಭಾನುವಾರ ರತ್ನಮ್ಮ ತಲೆ ತಗ್ಗಿಸಿ ಬಂದವರ ಚಪ್ಪಲಿಗಳನ್ನಷ್ಟೇ ನೋಡುತ್ತ ನಿಂತಳು. ಉಳಿದವರು ಮೂಗು ಮುರಿದರು. ಸುವಾರ್ತಮ್ಮ ಬಯ್ಯಲಿಲ್ಲ, ಇವತ್ತು ಯಾರ ಚಪ್ಪಲಿ ಬರಲಿಲ್ಲ ಎಂದು ಕೇಳಿದಳು. ರತ್ನಮ್ಮ ಏಳು ಜನರ ಹೆಸರು ಪಟಪಟನೆ ಹೇಳಿಬಿಟ್ಟಳು. ಅಂದಿನಿಂದ ಬಾರದವರ ಮನೆಗೆ ಹೋಗಿ ವಿಚಾರಿಸುವ ಕೆಲಸ ಅವಳದಾಯಿತು. ವರ್ಷ ತುಂಬುವುದರೊಳಗೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು.

ತಂಡಕ್ಕೆ ಸುವಾರ್ತಮ್ಮ ಹಾಕಿದ ನೇಮ ಒಂದೇ. ಯಾರೂ ತಮಗೆ ಇಂಥ ಕೆಲಸ ಬೇಕೆಂದು ಕೇಳಬಾರದು. ಬೇಕಾದರೆ ಇನ್ನೊಬ್ಬರ ಹೆಸರು ಹೇಳಬಹುದು. ಒಮ್ಮೆ ಈಸ್ಟರ್ ದಿನ ಎಲ್ಲರ ಮುಂದೆ ನಿಂತು ವೇದಪಾಠ ಓದುವುದಕ್ಕೆ ಇಬ್ಬರು ಹೆಂಗಸರು ಜುಟ್ಟು ಹಿಡಿಯುವಷ್ಟು ಜಗಳಾಡಿ, ಒಬ್ಬಳು ಮುಖ ಊದಿಸಿಕೊಂಡು ನಾಲ್ಕು ತಿಂಗಳು ಚರ್ಚಿನ ಕಡೆ ಸುಳಿದಿರಲಿಲ್ಲ. ಅದಾದ ಮೇಲೆ ಬಂದ ನೇಮವಿದು. ಆಶ್ಚರ್ಯವೆಂದರೆ ಇದು ಬಂದದ್ದೇ ಹೆಂಗಸರು ಒಬ್ಬರಲ್ಲೊಬ್ಬರು ಗುಣ ಹುಡುಕತೊಡಗಿದರು. ಜಗಳ ನಿಂತಿತು. ಸುವಾರ್ತಮ್ಮನಿಗೆ ಆ ನೇಮದ ಮೇಲೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಸಭೆ ಬೆಳೆದಂತೆ ಸುತ್ತಲ ಊರುಗಳಲ್ಲಿ ಪ್ರಾರ್ಥನಾ ಮನೆಗಳು ಶುರುವಾದವು. ಸಭಾಪಾಲಕರಾದ ದೇವಪುತ್ರ ಅಯ್ಯನವರು ಪ್ರತಿ ಸಲ ಸುವಾರ್ತಮ್ಮನನ್ನು ಕರೆಸಿ ಇಬ್ಬರನ್ನು ಕೊಡಿ ಎನ್ನುತ್ತಿದ್ದರು. ಆ ಇಬ್ಬರು ಒಂದು ವರ್ಷ ಪ್ರತಿ ಶನಿವಾರ ಹೋಗಿ, ಅಲ್ಲಿನವರಿಗೆ ಹಾಡು ಕಲಿಸಿ, ಕೆಲಸ ಹಚ್ಚಿ, ಸೋಮವಾರ ಮರಳಬೇಕು. ಅಂದೋಲಾಕ್ಕೆ ಇಬ್ಬರು ಹೋದರು. ಆಳಂದದ ಕಡೆಗೆ ಇಬ್ಬರು ಹೋದರು. ಪ್ರತಿ ಸಲವೂ ಅವಳೇ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿ ಬಸ್‌ಸ್ಟ್ಯಾಂಡಿಗೆ ಹೋಗಿ ಹತ್ತಿಸಿ ಬರುತ್ತಿದ್ದಳು. ತಿದ್ದಿ ತೀಡಿ ತಯಾರು ಮಾಡುವವಳು ತಾನು, ಚಲೋ ಆದ ಮೇಲೆ ಒಯ್ಯುವವರು ಇವರು ಎಂದು ಮನೆಗೆ ಬಂದು ಗಂಡನೆದುರು ಗೊಣಗುತ್ತಿದ್ದಳು. ಶಾಂತರಾಜ ಹೂಂ ಎನ್ನುತ್ತಿದ್ದ. ಅವನಿಗೆ ಗೊತ್ತಿತ್ತು, ಹೆಂಡತಿಯ ಸಂಕಟ ಕೊಟ್ಟು ಕಳಿಸಿದ್ದಕ್ಕಲ್ಲ. ಎಲ್ಲರನ್ನೂ ಬಸ್ಸು ಹತ್ತಿಸುವ ಅವಳಿಗೆ ತಾನು ಹತ್ತಬೇಕಾದ ಬಸ್ಸೊಂದಿತ್ತು, ಅದು ಹವಳಗಾದ ಬಸ್ಸು.

ಅಫಜಲಪುರ ತಾಲೂಕಿನ ಹವಳಗಾ ಅವಳ ತವರು. ಅಪ್ಪ, ಅವ್ವ ಬೇಗ ತೀರಿಕೊಂಡಿದ್ದರು. ಅಣ್ಣ ಯೋಹಾನ ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಎಂಟು ದಿನ ಮೊದಲು ತಪ್ಪದೆ ಬಂದು ತಂಗಿಯನ್ನು ಕರೆದೊಯ್ಯುತ್ತಿದ್ದ. ಎಪ್ಪತ್ಮೂರರ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನದಲ್ಲಿ ಅವನು ಹೋದ. ಸುದ್ದಿ ಮುಟ್ಟುವಷ್ಟರಲ್ಲಿ ಭೀಮಾ ಹೊಳೆ ಏರಿ ಬಸ್ಸುಗಳು ನಿಂತಿದ್ದವು. ಗಂಡನ ಜೊತೆ ಅವಳು ಊರು ಸೇರಿದಾಗ ಮಣ್ಣಾಗಿ ಎರಡು ದಿನ ಕಳೆದಿತ್ತು. ಅಣ್ಣನ ಮುಖ ನೋಡಲಾಗಲಿಲ್ಲ. ಅವಳು ವೈನಿ ಎಂದು ಕರೆಯುತ್ತಿದ್ದ ಅತ್ತಿಗೆ ಎಸ್ತೇರಮ್ಮ ಇಬ್ಬರು ಹೆಣ್ಣುಮಕ್ಕಳನ್ನು ತಬ್ಬಿಕೊಂಡು ಗೋಡೆಗೊರಗಿ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಮರುದಿನ ಇವಳು ಮರಳಿ ಬಂದಳು. ಅಲ್ಲಿಂದ ಹದಿನೈದು ವರ್ಷ ಯಾರೂ ಕರೆಯಲು ಬರಲಿಲ್ಲ.

ಮದುವೆಯಾದ ಹೆಣ್ಣು ಕರೆಯದೆ ತವರಿಗೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಯಾರಾದರೂ ಬರಬೇಕು, ಜಗಲಿ ಮೇಲೆ ಕೂತು ನೀರು ಕುಡಿಯಬೇಕು, ಮಗಳನ್ನು ಕಳಿಸಿ ಎಂದು ಕೇಳಬೇಕು. ಪಕ್ಕದ ಮನೆಯ ವಜೀರುನ್ನಿಸಾಳನ್ನು ಕರೆಯಲು ಆಳಂದದಿಂದ ಅವಳ ತಮ್ಮಂದಿರು ವರ್ಷಕ್ಕೆರಡು ಸಲ ಬರುತ್ತಿದ್ದರು. ಅವಳು ಟ್ರಂಕು ಹೊರಿಸಿಕೊಂಡು ಹೊರಟಾಗ ಸುವಾರ್ತಮ್ಮ ನಗುನಗುತ್ತ ಕಳಿಸಿಕೊಟ್ಟು, ಒಳಗೆ ಬಂದು ಸುಮ್ಮಸುಮ್ಮನೆ ಪಾತ್ರೆ ತಿಕ್ಕುತ್ತಿದ್ದಳು. ವಜೀರುನ್ನಿಸಾ ದಡ್ಡಿಯಲ್ಲ.

“ಬಸ್ಸು ಅದ, ಕಾಲು ಅವ. ನೀನs ಹೋಗ ಬೇ,” ಎಂದಳು ಒಮ್ಮೆ.

“ಕರೀಲಾರದ ಹೆಂಗ ಹೋಗ್ಲಿ?” ಎಂದಳು ಸುವಾರ್ತಮ್ಮ. ಆ ಮಾತು ಅಲ್ಲಿಗೇ ಮುಗಿಯಿತು.

ಎಂಬತ್ತೆಂಟರ ಶ್ರಾವಣದ ಒಂದು ಬುಧವಾರ ಅಯ್ಯನವರು ಕರೆಸಿದರು. ಹವಳಗಾದಲ್ಲಿ ಆರು ಮನೆಯವರು ಸೇರಿ ಪ್ರಾರ್ಥನೆ ಆರಂಭಿಸಿದ್ದಾರೆ, ಜೇವರ್ಗಿಯ ತಂಡವೇ ಬೇಕೆಂದು ಹೇಳಿ ಕಳಿಸಿದ್ದಾರೆ, ಇಬ್ಬರನ್ನು ಆರಿಸಿ ಎಂದರು. ಅವರು ಈ ಊರಿಗೆ ಬಂದು ಎರಡೇ ವರ್ಷವಾಗಿತ್ತು, ಹವಳಗಾ ಇವಳಿಗೆ ಏನಾಗಬೇಕೆಂದು ಅವರಿಗೆ ತಿಳಿದಿರಲಿಲ್ಲ. ಸುವಾರ್ತಮ್ಮ ಆಗಲ್ರಿ ಎಂದಷ್ಟೇ ಹೇಳಿ ಹೊರಗೆ ಬಂದಳು. ಮನೆಗೆ ಹೋಗುವ ಬದಲು ಬಸ್‌ಸ್ಟ್ಯಾಂಡಿಗೆ ಹೋಗಿ, ಗುಲ್ಬರ್ಗಾದಲ್ಲಿ ಅಫಜಲಪುರದ ಬಸ್ಸು ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಕೇಳಿಕೊಂಡು ಬಂದಳು.

ಚರ್ಚು ಕಳಿಸಿದರೆ ಅದೂ ಕರೆದಂತೆಯೇ ಅಲ್ಲವೇ? ಮೂರು ದಿನ ಅವಳು ಇದೊಂದನ್ನೇ ಎತ್ತಿ ಇಳಿಸಿ ತೂಗಿದಳು. ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅಣ್ಣನ ಗೋರಿಗೆ ಸುಣ್ಣ ಬಳಿದಿದ್ದಾರೋ ಇಲ್ಲವೋ, ಅತ್ತಿಗೆಯ ಮಕ್ಕಳು ತನ್ನ ಗುರುತು ಹಿಡಿಯುತ್ತಾರೋ ಇಲ್ಲವೋ ಎಂದು ತನ್ನಷ್ಟಕ್ಕೇ ಮಾತಾಡಿಕೊಂಡಳು. ಐವತ್ತಕ್ಕೆ ಬಂದ ಹೆಂಗಸು ಹೊಸ ಮದುವಣಗಿತ್ತಿಯ ಹಾಗೆ ಒಳಗೂ ಹೊರಗೂ ತಿರುಗಾಡುವುದನ್ನು ಶಾಂತರಾಜ ನೋಡಿದ. ನೀನಾಗಿ ಕೇಳಿಬಿಡು ಎಂದು ಅವನು ಹೇಳಿದ್ದೂ ಉಂಟು. ಹೇಗೆ ಕೇಳಿಯಾಳು? ಇಪ್ಪತ್ತಾರು ಬಾಯಿಗೆ ಬೀಗ ಹಾಕಿದವಳು ತನ್ನ ಬಾಯಿಯನ್ನಷ್ಟೇ ಹೇಗೆ ತೆರೆಯಬೇಕು?

ಭಾನುವಾರ ಆರಾಧನೆ ಮುಗಿದ ಮೇಲೆ ತಂಡ ಕೂತಿತು. ಹವಳಗಾಕ್ಕೆ ಇಬ್ಬರು ಬೇಕು, ಯಾರ ಹೆಸರು ಹೇಳುತ್ತೀರಿ ಎಂದು ಸುವಾರ್ತಮ್ಮ ಕೇಳಿದಳು. ಕೇಳಿ, ಜಮಖಾನದ ಅಂಚು ಹಿಡಿದುಕೊಂಡು ಕಾದಳು. ಒಬ್ಬಳು ರತ್ನಮ್ಮನ ಹೆಸರು ಹೇಳಿದಳು, ಎಲ್ಲರೂ ಹೌದೆಂದರು. ಇನ್ನೊಬ್ಬಳು ಹೊಲಿಗೆ ಮಾಡುವ ಪ್ರಮಿಲಾಳ ಹೆಸರು ಹೇಳಿದಳು, ಅದಕ್ಕೂ ಹೌದೆಂದರು. ಇನ್ಯಾರಾದರೂ ಎಂದು ಸುವಾರ್ತಮ್ಮ ಮತ್ತೊಮ್ಮೆ ಕೇಳಿದಳು. ಇವಳಿಲ್ಲದೆ ಜೇವರ್ಗಿ ನಡೆಯುವುದಿಲ್ಲ ಎಂದೇ ಎಲ್ಲರ ಎಣಿಕೆ, ಹಾಗಾಗಿ ಇವಳ ಹೆಸರು ಯಾರ ತಲೆಗೂ ಹೊಳೆಯಲಿಲ್ಲ. ಅವರದೇನು ತಪ್ಪು? ತನ್ನ ತವರಿನ ಸುದ್ದಿಯನ್ನು ಅವಳು ಹದಿನೈದು ವರ್ಷದಲ್ಲಿ ಯಾರ ಮುಂದೆಯೂ ಆಡಿದವಳಲ್ಲ. ಸರಿ, ಇವರಿಬ್ಬರೇ ಎಂದು ಎದ್ದಳು. ಮನೆಗೆ ಬಂದು ಇಳಕಲ್ ಸೀರೆಯನ್ನು ಮಡಚಿ ಮತ್ತೆ ಪೆಟ್ಟಿಗೆಗೆ ಹಾಕಿದಳು.

ಶನಿವಾರ ಇಬ್ಬರಿಗೂ ಬುತ್ತಿ ಕಟ್ಟಿದಳು. ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಹೋಗಿ, ಅಲ್ಲಿ ಎಸ್ತೇರಮ್ಮ ಅಂತ ಒಬ್ಬರಿದ್ದಾರೆ, ನಮಸ್ಕಾರ ಹೇಳು ಎಂದು ರತ್ನಮ್ಮನಿಗೆ ತಿಳಿಸಿದಳು. ಅವರು ಯಾರು ಎಂದು ರತ್ನಮ್ಮ ಕೇಳಿದ್ದು ಮೋಟಾರಿನ ಸದ್ದಿನಲ್ಲಿ ಕೇಳಿಸದವಳಂತೆ ಕೈ ಬೀಸಿದಳು.

ಸೋಮವಾರ ಸಂಜೆ ರತ್ನಮ್ಮ ತನ್ನ ಮನೆಗೂ ಹೋಗದೆ ನೇರ ಇವಳ ಮನೆಗೆ ಬಂದಳು. ಚೀಲ ಕೆಳಗಿಡಲಿಲ್ಲ, ಕೂರಲೂ ಇಲ್ಲ. ಅವಳ ಮುಖ ನೋಡಿಯೇ ಸುವಾರ್ತಮ್ಮ ಏನೋ ಆಗಿದೆ ಎಂದು ತಿಳಿದಳು.

ತಂಡ ಬೇಕೆಂದು ಕೇಳಿದವಳು ಬೇರೆ ಯಾರೂ ಅಲ್ಲ, ಎಸ್ತೇರಮ್ಮ. ಶನಿವಾರ ಬಸ್ಸು ನಿಲ್ಲುವ ಜಾಗದಲ್ಲಿ ಅವಳು ಮಧ್ಯಾಹ್ನದಿಂದಲೇ ನಿಂತಿದ್ದಳಂತೆ. ಇವರಿಬ್ಬರು ಇಳಿದರು. ಅವರ ಹಿಂದೆ ಇನ್ಯಾರೋ ಇಳಿಯುತ್ತಾರೆಂದು ಅವಳು ಬಸ್ಸು ಹೊರಟುಹೋಗುವವರೆಗೂ ನೋಡಿದಳಂತೆ. ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ರತ್ನಮ್ಮನೇ ಕೆದಕಿ ಕೇಳಿದಾಗ ಎಸ್ತೇರಮ್ಮ ಹೇಳಿದ ಮಾತನ್ನು ಅವಳು ಹಾಗೆಯೇ ಹೊತ್ತು ತಂದಿದ್ದಳು.

“ಆಕಿನ್ನ ಕರಿಯಾಕ ಕಳಸಾಕ ನನ್ನ ಮನ್ಯಾಗ ಗಂಡಸರು ಯಾರಿದ್ರು? ಇದ್ದವರು ಇಬ್ಬರು ಹೆಣ್ಣ ಹುಡುಗೇರು. ಅದಕ್ಕs ಚರ್ಚಿಗೆ ಹೇಳಿ ಕಳಸೀದೆ. ತಂಡದ ಹಿರೇಮನಷಾಳು ಆಕಿನs ಅಲ್ಲೇನು, ಬಂದs ಬರ್ತಾಳ ಅಂತ ತಿಳಕೊಂಡೆ. ಅಣ್ಣನ ಮಾರಿ ತೋರಸದs ಮಣ್ಣ ಮಾಡೀವಂತ ಆಕಿಗೆ ಇನ್ನೂ ಸಿಟ್ಟ ಇಳದಿಲ್ಲ ಕಾಣ್ತದ.”

ಸುವಾರ್ತಮ್ಮ ಹೊಸ್ತಿಲ ಮೇಲೆ ಕೂತಳು. ಕರೆ ಬಂದಿತ್ತು! ಅಯ್ಯನವರ ಬಾಯಿಂದ ಬಂದಿತ್ತು, ಅವಳದೇ ಕೈಗೆ ಬಂದಿತ್ತು. ಅವಳು ಅದನ್ನು ಇಪ್ಪತ್ತಾರು ಜನರ ಮುಂದೆ ಹರವಿ, ಬೇರೆಯವರಿಗೆ ಕೊಟ್ಟು, ಮೇಲಿಂದ ಬುತ್ತಿಯನ್ನೂ ಕಟ್ಟಿದ್ದಳು. ಹದಿನೈದು ವರ್ಷ ಅತ್ತಿಗೆಗೆ ತನ್ನ ಮೇಲೆ ಸಿಟ್ಟೆಂದು ಇವಳು ತಿಳಿದಳು, ಇವಳಿಗೇ ಸಿಟ್ಟೆಂದು ಅತ್ತಿಗೆ ತಿಳಿದಳು. ಯೋಹಾನ ಇದ್ದಿದ್ದರೆ ಇಬ್ಬರ ತಲೆಗೂ ಮೊಟಕುತ್ತಿದ್ದ. ಸುವಾರ್ತಮ್ಮ ಅತ್ತಳು. ಅಣ್ಣ ಸತ್ತಾಗಲೂ ಊರವರ ಮುಂದೆ ಅಳದವಳು, ತಾನು ಕೆಲಸ ಕಲಿಸಿದ ಹೆಂಗಸಿನ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

“ನಿಮ್ಮ ತವರಂತ ಒಂದ ಮಾತು ಹೇಳಿದ್ರ ನಾನs ನಿಮ್ಮ ಹೆಸರು ಹೇಳ್ತಿದ್ದೆನಲ್ರಿ ಅಕ್ಕಾ,” ಎಂದಳು ರತ್ನಮ್ಮ. ಅವಳ ದನಿಯಲ್ಲಿ ಸಿಟ್ಟೂ ಇತ್ತು.

ಬುಧವಾರ ಸುವಾರ್ತಮ್ಮ ತಂಡವನ್ನು ಕರೆದಳು. ಭಾನುವಾರವಲ್ಲದ ದಿನ ಕರೆದದ್ದಕ್ಕೆ ಯಾರಿಗೋ ಬೈಗುಳ ಕಾದಿದೆ ಎಂದು ಹೆಂಗಸರು ಹೆದರಿಕೊಂಡೇ ಬಂದರು. ಅವಳು ಎದ್ದು ನಿಂತಳು.

“ನಾ ಮಾಡಿದ ನೇಮ ನಾನs ಮುರಿಯಾಕತ್ತೇನಿ. ಹವಳಗಾಕ್ಕ ನಾ ಹೋಗ್ತೇನಿ. ನನಗ ಹೋಗಬೇಕಾಗೇದ.”

ಹಿಂದೆ ಕೂತಿದ್ದ ಒಬ್ಬಳು ಚೇಷ್ಟೆಯೆಂದು ತಿಳಿದು ನಕ್ಕಳು. ಬೇರೆ ಯಾರೂ ನಗದ್ದನ್ನು ಕಂಡು ತಾನೂ ನಿಲ್ಲಿಸಿದಳು. ಶನಿವಾರದ ಸುತ್ತು ಯಾರು ಹಾಕಬೇಕು, ಅಕ್ಕ ಇಲ್ಲದೆ ನಡೆಯುತ್ತದೆಯೇ ಎಂದು ಗುಸುಗುಸು ಎದ್ದಿತು. ಆಗ ರತ್ನಮ್ಮ ಸುತ್ತು ನಾ ಹಾಕ್ತೇನಿ ಎಂದಳು, ಯಾರಾದರೂ ತನ್ನ ಹೆಸರು ಹೇಳಲೆಂದು ಕಾಯಲಿಲ್ಲ. ಮನೆಗಳ ಹೆಸರನ್ನೂ ಓಣಿಯ ಸಾಲಿನಲ್ಲೇ ಒಂದೊಂದಾಗಿ ಹೇಳಿಬಿಟ್ಟಳು. ಒಂದೂ ತಪ್ಪಲಿಲ್ಲ. ಸುವಾರ್ತಮ್ಮನಿಗೆ ಹೊಟ್ಟೆ ತಣ್ಣಗಾಯಿತು. ತಾನಿಲ್ಲದೆಯೂ ಇವರಿಗೆ ನಡೆಯುತ್ತದೆ ಎಂದು ಅದೇ ಹೊಟ್ಟೆಯಲ್ಲಿ ಒಂದಿಷ್ಟು ಉರಿಯೂ ಆಯಿತು.

ಶನಿವಾರ ಪ್ರಮಿಲಾಳ ಜೊತೆಗೆ ಬಸ್ಸು ಹತ್ತಿದಳು. ಹೊಳೆ ದಾಟುವಾಗ ಕೈ ಮುಗಿದಳು. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿದ ಮೇಲೆ ಪ್ರಮಿಲಾ ನಿದ್ದೆಹೋದಳು, ಇವಳು ರೆಪ್ಪೆ ಮುಚ್ಚಲಿಲ್ಲ. ಹೊರಗೆ ತೊಗರಿ ಮೊಣಕಾಲೆತ್ತರ ಬಂದಿತ್ತು. ಇದೇ ದಾರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಅಗೋ ಅದು ಯಾರ ಹೊಲ, ಇಗೋ ಇದು ಯಾರ ಬಾವಿ ಎಂದು ಬಾಯಿ ನೋಯುವಂತೆ ಹೇಳುತ್ತಿದ್ದವನು ಇರಲಿಲ್ಲ. ಕರೆಯಲು ಬರುತ್ತಿದ್ದವನಿಲ್ಲದ ತವರಿಗೆ ಅವಳು ಮೊದಲ ಸಲ ತನ್ನ ಟಿಕೀಟು ತಾನೇ ತೆಗೆಸಿ ಹೋಗುತ್ತಿದ್ದಳು.

ಈ ಸಲ ಬಸ್ಸು ನಿಲ್ಲುವಲ್ಲಿ ಯಾರೂ ನಿಂತಿರಲಿಲ್ಲ. ಪ್ರಮಿಲಾಳನ್ನು ಪ್ರಾರ್ಥನೆಯ ಮನೆಗೆ ಕಳಿಸಿ, ಸುವಾರ್ತಮ್ಮ ಒಬ್ಬಳೇ ಅಣ್ಣನ ಮನೆಯ ಕಡೆ ನಡೆದಳು. ಎಸ್ತೇರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದಳು, ಮೊರ ಕೆಳಗಿಟ್ಟಳು, ಆದರೆ ಏಳಲಿಲ್ಲ.

“ತಂಡದ ಸಲುವಾಗಿ ಬಂದೀಯೇನು?” ಎಂದು ಕೇಳಿದಳು.

ಹೌದು ಎನ್ನುವುದು ಸುಲಭವಿತ್ತು. ಹದಿನಾಲ್ಕು ವರ್ಷ ಅವಳು ಎಲ್ಲಿಗೆ ಹೋದರೂ ಯಾರದೋ ಸಲುವಾಗಿಯೇ ಹೋಗಿದ್ದಳು.

“ಇಲ್ಲ ವೈನಿ,” ಎಂದಳು ಸುವಾರ್ತಮ್ಮ. “ನನ್ನ ಸಲುವಾಗಿ ಬಂದೇನಿ.”

ಎಸ್ತೇರಮ್ಮ ಮೊಣಕಾಲಿಗೆ ಕೈಯೂರಿ ನಿಧಾನ ಎದ್ದಳು. ನಾದಿನಿಯ ಕೈಯಿಂದ ಚೀಲ ಇಸಿದುಕೊಂಡು, ಅವಳನ್ನು ಮುಂದೆ ಬಿಟ್ಟುಕೊಂಡು ಮನೆಯೊಳಗೆ ನಡೆದಳು.