ಒಂದೇ ವಿಳಾಸಕ್ಕೆ ಬಂದ ಎರಡು ಪತ್ರ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ ಆ ಹೆಂಗಸಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ನಂಬರು ಮಾತ್ರ ಮರೆಯುತ್ತಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ 'ಇವರು ಮೈನಸ್ ನಾಲ್ಕೂವರೆ, ಎಡಗಣ್ಣು ಸ್ವಲ್ಪ ಸೋಮಾರಿ' ಎಂದು ಥಟ್ಟನೆ ಹೊಳೆಯುತ್ತಿತ್ತು. ಹೆಸರು ಮನೆ ಸೇರಿದ ಮೇಲೂ ಹೊಳೆಯುತ್ತಿರಲಿಲ್ಲ. ಕಟ್ಟಿಕೊಂಡ ಗಂಡನೂ ಅವಳಿಗೆ ಮೊದಲು ಸಿಕ್ಕಿದ್ದು ಚೀಟಿಯ ಮೇಲಿನ ನಂಬರಾಗಿಯೇ. ದೂರದೂರಿಗೆ ಲಾರಿ ಓಡಿಸುವವನಿಗೆ ದೂರದ್ದೇ ಕಾಣುವುದಿಲ್ಲವಲ್ಲ ಎಂದು ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ಮದುವೆಯಲ್ಲಿ ಮುಗಿಯಿತು.

ಓದು ಬಿಟ್ಟದ್ದು ಹತ್ತೊಂಬತ್ತಕ್ಕೆ. ಬಿಟ್ಟಳು ಎನ್ನುವುದು ಮರ್ಯಾದೆಯ ಮಾತು, ಬಿಡಿಸಿದ್ದು ನಿಜ. ಅಪ್ಪ ಹಾಸಿಗೆ ಹಿಡಿದಿದ್ದರು, ಹಿಂದೆ ಮೂವರು ತಂಗಿಯರಿದ್ದರು. ಆಮೇಲೆ ಯಂತ್ರದ ಮುಂದೆ ಕೂತು ಕೂತು ಅವಳಿಗೆ ಒಂದು ಚಟ ಹತ್ತಿಕೊಂಡಿತು. ಗಾಜು ಬೆಳಕನ್ನು ಹೀಗೇ ಏಕೆ ಬಾಗಿಸುತ್ತದೆ, ಇಷ್ಟೇ ಏಕೆ ಬಾಗಿಸುತ್ತದೆ ಎಂದು ಕೇಳುವುದು. ಅಂಗಡಿ ಯಜಮಾನರು ತಮಗೆ ಗೊತ್ತಿದ್ದಷ್ಟು ಹೇಳಿದರು, ಪುಸ್ತಕ ತಂದುಕೊಟ್ಟರು. ಕೊನೆಗೊಂದು ದಿನ ಕೈ ಮುಗಿದುಬಿಟ್ಟರು. "ಇನ್ನು ನನ್ ಕೈಲಾಗಲ್ಲ ಕಣಮ್ಮ. ಗುಡ್ಡದ ಮೇಲಿನ ಯೂನಿವರ್ಸಿಟೀಲಿ ನಲವತ್ತು ದಾಟಿದವರಿಗೆ ಅಂತಾನೇ ನಾಲ್ಕು ಸೀಟಿದೆ. ಅರ್ಜಿ ಹಾಕು."

ಆ ವರ್ಷವೇ ಮಗಳೂ ಅಲ್ಲಿಗೆ ಅರ್ಜಿ ಹಾಕಿದ್ದಳು. ನೂರು ಜನ ಬಾಗಿಲು ತಟ್ಟಿದರೆ ನಾಲ್ವರನ್ನು ಒಳಗೆ ಬಿಡುವ ಜಾಗ ಅದು. ಮಗಳ ಸೀಟೇ ಬೇರೆ, ತಾಯಿಯ ಸೀಟೇ ಬೇರೆ, ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವ ಪ್ರಶ್ನೆಯೇ ಇಲ್ಲ. ಆದರೂ ಅವಳು ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ಸಿಗದಿದ್ದರೆ ನಗೆಪಾಟಲು, ಸಿಕ್ಕರೆ ಇನ್ನೂ ದೊಡ್ಡ ಫಜೀತಿ. ಫ್ರೇಮು ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಹೋಗಿ ಪ್ರವೇಶ ಪರೀಕ್ಷೆ ಬರೆದು ಬಂದಳು.

ಎಡವಟ್ಟಾದದ್ದು ಅರ್ಜಿ ತುಂಬುವಾಗಲೇ. ಅಂಗಡಿಯ ಕಂಪ್ಯೂಟರಿನ ಮುಂದೆ ಕೂತ ಯಜಮಾನರು "ಇಮೇಲ್ ಹೇಳಮ್ಮ" ಎಂದರು. ಅವಳಿಗೆ ಬಾಯಿಪಾಠವಿದ್ದದ್ದು ಒಂದೇ ಒಂದು, ಕರೆಂಟು ಬಿಲ್ಲಿಗೆಂದು ಮಗಳು ಮನೆಗೆಲ್ಲ ಸೇರಿಸಿ ಮಾಡಿಟ್ಟದ್ದು. ಅದನ್ನೇ ಹೇಳಿದಳು. ಮಗಳು ತನ್ನ ಅರ್ಜಿಗೂ ಅದನ್ನೇ ಕೊಟ್ಟಿದ್ದಳು. ವಿಳಾಸ ಕೇಳಿದರೆ ವಿಳಾಸ ಕೊಡಬೇಕು, ಅಷ್ಟೇ ಅವಳ ಲೆಕ್ಕ. ಆ ವಿಳಾಸಕ್ಕೆ ಬಂದದ್ದೆಲ್ಲ ಮೊದಲು ಮಗಳ ಫೋನಿನಲ್ಲಿ ಟಿಂಗ್ ಎನ್ನುತ್ತದೆ ಎನ್ನುವುದು ಅವಳ ತಲೆಗೆ ಹೋಗಲೇ ಇಲ್ಲ. ಸಾಲದ್ದಕ್ಕೆ ಆ ಯೂನಿವರ್ಸಿಟಿಗೆ ಒಂದು ಹಟ. ಹೆಸರು ಕಂಡರೆ ಯಾರ ಮಕ್ಕಳೆಂದು ತಿಳಿದು ಪಕ್ಷಪಾತ ನುಸುಳುತ್ತದೆಂದು, ದಾಖಲಾತಿ ಮುಗಿಯುವ ತನಕ ಪತ್ರದಲ್ಲಿ ಅರ್ಜಿಯ ನಂಬರು ಬಿಟ್ಟರೆ ಬೇರೆ ಗುರುತೇ ಇರುತ್ತಿರಲಿಲ್ಲ.

ಪತ್ರಗಳು ಎರಡು ಕಂತಿನಲ್ಲಿ ಬರುವುದಿತ್ತು, ಮಂಗಳವಾರ ಒಂದಷ್ಟು, ಶುಕ್ರವಾರ ಉಳಿದದ್ದು. ಮಂಗಳವಾರ ಸಂಜೆ ಮಗಳು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಎಷ್ಟು ಸಲ ಓಡಾಡಿದಳೋ! ಆರು ಗಂಟೆಗೆ ಫೋನು ಸದ್ದು ಮಾಡಿತು. ಅವಳು ಕಿರುಚಿದ ರಭಸಕ್ಕೆ ಮೇಲಿನ ಮನೆಯ ನರ್ಸು ಯಾರಿಗೋ ಏನೋ ಆಯಿತೆಂದು ದಡಬಡ ಇಳಿದು ಬಂದಳು.

"ಸಿಕ್ತು ಅಮ್ಮಾ! ಸಿಕ್ಬಿಡ್ತು! 'ನಿಮ್ಮ ಮೊದಲ ಆಯ್ಕೆಯ ವಿಭಾಗದಲ್ಲಿ' ಅಂತ ಬರೆದಿದಾರೆ, ನೋಡಿಲ್ಲಿ!"

ತಾಯಿ ಮಗಳನ್ನು ಎದೆಗೆ ಒತ್ತಿಕೊಂಡು ಅತ್ತಳು. ಆಮೇಲೆ, ಓದಿ ಇನ್ನೊಮ್ಮೆ ಸಂತೋಷಪಡೋಣವೆಂದು ಕನ್ನಡಕ ಏರಿಸಿಕೊಂಡು ಫೋನು ಇಸಿದುಕೊಂಡಳು. ಅರ್ಜಿಯ ನಂಬರಿನ ಕೊನೆಗೆ ನೂರ ಎಪ್ಪತ್ತೈದು ಎಂದಿತ್ತು. ಅದು ಅವಳದೇ ಅರ್ಜಿ. ಒಂದು ಪಾಯಿಂಟ್ ಏಳು ಐದು, ಅಂದರೆ ಒಂದು ಮುಕ್ಕಾಲು, ಅವಳ ಓದುವ ಕನ್ನಡಕದ ನಂಬರು, ಮರೆಯುವ ಮಾತೇ ಇಲ್ಲ. ಮಗಳದ್ದು ಕೊನೆಯಾಗುತ್ತಿದ್ದದ್ದು ಆರುನೂರ ನಲವತ್ತಕ್ಕೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಮಗಳು ಅಪ್ಪನಿಗೆ ಫೋನು ಮಾಡಿಯಾಗಿತ್ತು, ಅಪ್ಪ ಹೆದ್ದಾರಿಯ ಪಕ್ಕ ಲಾರಿ ನಿಲ್ಲಿಸಿ ಮಗಳಿಗೆ ಕೇಳಲೆಂದು ಉದ್ದಕ್ಕೆ ಹಾರನ್ನು ಹೊಡೆಯುತ್ತಿದ್ದ. ಆ ಹಾರನ್ನನ್ನು ನಿಲ್ಲಿಸುವ ಧೈರ್ಯ ಅವಳಿಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಯಜಮಾನರು ಎಲ್ಲ ಕೇಳಿ ತಲೆ ಮೇಲೆ ಕೈ ಹೊತ್ತರು. "ಈಗ್ಲೇ ಹೋಗಿ ಹೇಳ್ಬಿಡಮ್ಮ. ತಡ ಆದಷ್ಟೂ ಕಷ್ಟ."

"ಶುಕ್ರವಾರ ಒಂದ್ ಬರ್ಲಿ ಸರ್. ಅವಳ್ದೂ ಸಿಕ್ಕಿದ್ರೆ ಇಬ್ರೂ ಕೂತು ನಕ್ಕುಬಿಡ್ತೀವಿ."

"ಸಿಗದೇ ಹೋದ್ರೆ?"

ಅವಳು ಯಂತ್ರ ಚಾಲೂ ಮಾಡಿದಳು. ಆ ಮೂರು ದಿನ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಒಲೆ ಹಚ್ಚಿ ಪಾತ್ರೆ ಇಡಲು ಮರೆತಳು. ಅಂಗಡಿಗೆ ಹೊರಟು ಅರ್ಧ ದಾರಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದಳು. ಇದೆಲ್ಲದರ ನಡುವೆ, ಬಸ್ಸಿಗೆ ಕಾಯುವಾಗಲೋ ಗಾಜು ಒರೆಸುವಾಗಲೋ, 'ನನಗೆ ಸಿಕ್ಕಿತಲ್ಲ' ಎಂಬ ಖುಷಿ ಒಳಗಿನಿಂದ ಬುಳಕ್ಕನೆ ಏಳುತ್ತಿತ್ತು. ಮರುಕ್ಷಣವೇ ನಾನೆಂಥ ತಾಯಿ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಗುರುವಾರ ಮಗಳು ಮೇಲಿನ ಮನೆಯಿಂದ ಸಪ್ಪೆ ಮುಖ ಹಾಕಿಕೊಂಡು ಇಳಿದಳು. ನರ್ಸಿನ ಮಗನಿಗೆ ಸೀಟು ಸಿಕ್ಕಿರಲಿಲ್ಲ. "ಅವ್ನಿಗೆ ನನಗಿಂತ ಒಂಬತ್ತು ಮಾರ್ಕು ಜಾಸ್ತಿ ಅಮ್ಮ. ನಮ್ ಗ್ರೂಪಲ್ಲಿ ಎಲ್ರೂ ಹಾಕಿದಾರೆ, ನೋಡ್ದೆ. ನನಗಿಂತ ಕಮ್ಮಿ ಇರೋರು ಯಾರಿಗೂ ಸಿಕ್ಕಿಲ್ಲ. ನನಗಿಂತ ಜಾಸ್ತಿ ಇರೋ ಆರು ಜನಕ್ಕೂ ಇಲ್ಲ. ಮತ್ತೆ ನನಗೆ ಹೇಗ್ ಸಿಕ್ತು?"

"ಮಾರ್ಕೊಂದೇ ನೋಡಲ್ವೇನೋ," ಎಂದಳು ತಾಯಿ ಎತ್ತಲೋ ನೋಡುತ್ತ.

"ಅದೂ ಸರಿ. ಹಾಗಾದ್ರೆ ನನಗೆ ಮೊದ್ಲೇ ಸಿಕ್ಕಿರೋ ಆ ಇನ್ನೊಂದು ಕಾಲೇಜಿನ ಸೀಟು ಇವತ್ತೇ ಬಿಟ್ಕೊಡ್ತೀನಿ. ಸುಮ್ನೆ ಯಾರ್ದೋ ಜಾಗ ಹಿಡ್ಕೊಂಡು ಕೂರೋದ್ಯಾಕೆ?"

"ಬೇಡ!" ಕೂಗಿದ್ದು ಎಷ್ಟು ಜೋರಾಯಿತೆಂದರೆ ಇಬ್ಬರೂ ಬೆಚ್ಚಿದರು. "ಶನಿವಾರದ ತನಕ ತಡಿ ಪುಟ್ಟಿ. ನನ್ನಾಣೆ."

"ಯಾಕೆ?"

"ಅಮ್ಮ ಹೇಳಿದ್ರೆ ಒಂದ್ ಮಾತು ಕೇಳಲ್ವಾ ನೀನು?"

ಮಗಳು ವಿಚಿತ್ರವಾಗಿ ನೋಡಿ ಒಪ್ಪಿಕೊಂಡಳು. ಶನಿವಾರ ಯೂನಿವರ್ಸಿಟಿಗೆ ಒಪ್ಪಿಗೆ ಕಳಿಸಬೇಕು, ಅಲ್ಲಿ ಅರ್ಜಿಯ ನಂಬರು ಒತ್ತಲೇಬೇಕು. ಅದಕ್ಕಿಂತ ಮುಂದಕ್ಕೆ ಈ ಸುಳ್ಳು ಓಡುವ ಹಾಗಿರಲಿಲ್ಲ.

ಶುಕ್ರವಾರ ಅವಳು ಇಪ್ಪತ್ತೆರಡು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು, ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದಳು. ಹಾಕಿಕೊಂಡು ಹೋದ ಮೇಷ್ಟ್ರು ಹತ್ತೇ ನಿಮಿಷಕ್ಕೆ ಗೋಡೆ ಹಿಡಿದುಕೊಂಡು ವಾಪಸು ಬಂದರು. "ಏನ್ರೀ ಇದು, ಮೆಟ್ಟಿಲೆಲ್ಲ ಮಲಗಿಬಿಟ್ಟಿವೆ!" ಯಜಮಾನರು ಅವರಿಗೆ ಸಮಾಧಾನ ಹೇಳಿ ಕೂರಿಸಿ, ಇವಳ ಕೈಚೀಲ ತಂದು ಇವಳ ಕೈಗೇ ಕೊಟ್ಟರು. "ನಡಿಯಮ್ಮ ಮನೆಗೆ. ನೀನಿಲ್ಲಿದ್ರೆ ಊರೆಲ್ಲ ಬೀಳುತ್ತೆ."

ಮಗಳು ಹಾಸ್ಟೆಲಿಗೆಂದು ಬಟ್ಟೆ ಮಡಚಿ ಮಂಚದ ತುಂಬ ಸಾಲಾಗಿ ಇಟ್ಟಿದ್ದಳು. ಅವಳೇನು ಆರು ಗಂಟೆಗೆ ಕಾಯುತ್ತಿರಲಿಲ್ಲ, ಕಾಯುತ್ತಿದ್ದದ್ದು ತಾಯಿ. ಒಂದು ರವಿಕೆಯನ್ನು ಮಡಚಿ, ಬಿಚ್ಚಿ, ಮತ್ತೆ ಅದನ್ನೇ ಮಡಚಿದಳು. ಸಿಗಲಿ, ಸಿಗಲಿ, ಬೇಕಾದರೆ ನನ್ನದನ್ನು ಕಿತ್ತುಕೊಂಡು ಕೊಡಲಿ ಎಂದು ಯಾರನ್ನೋ ಬೇಡಿಕೊಂಡಳು. ಹಾಗೆ ಬೇಡುವಾಗಲೂ ಕಿತ್ತುಕೊಳ್ಳಲಿ ಎಂಬ ಮಾತು ಪೂರ್ತಿ ಮನಸ್ಸಿನಿಂದ ಬರಲಿಲ್ಲ ಎನ್ನುವುದು ಅವಳಿಗೇ ಗೊತ್ತಾಯಿತು.

ಫೋನು ಸದ್ದು ಮಾಡಿತು.

"ಇದೇನಮ್ಮ, ಇನ್ನೊಂದು ಬಂದಿದೆ," ಎಂದು ಮಗಳು ಓದಿದಳು. "'ಈ ಬಾರಿ ನಿಮಗೆ ಪ್ರವೇಶ ನೀಡಲಾಗುತ್ತಿಲ್ಲವೆಂದು ವಿಷಾದಿಸುತ್ತೇವೆ.' ಯಾರ್ದೋ ತಪ್ಪಿ ನಮಗೆ ಬಂದಿದೆ. ಪಾಪ, ಆ ಮನುಷ್ಯ ಎಲ್ಲಿ ಕಾಯ್ತಾ ಕೂತಿದಾರೋ."

ತಾಯಿ ಮಂಚದ ಅಂಚಿಗೆ ಕುಸಿದಳು. "ತಪ್ಪಿ ಬಂದಿಲ್ಲ ಪುಟ್ಟಿ. ನಾನೂ ಅರ್ಜಿ ಹಾಕಿದ್ದೆ. ಇದೇ ವಿಳಾಸ ಕೊಟ್ಟಿದ್ದೆ."

ಮಗಳು ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ಅವಳ ಮುಖವೆಲ್ಲ ಕರಗಿಹೋಯಿತು. ಬಂದು ಪಕ್ಕದಲ್ಲಿ ಕೂತು ತಾಯಿಯ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಅದಕ್ಕೇನಾ ನೀನು ಮೂರು ದಿನದಿಂದ ಹೀಗಿರೋದು? ಒಬ್ಳೇ ಕಾಯ್ತಾ ಇದ್ದೆ, ನಾನು ನೋಡಿದ್ರೆ ಕುಣೀತಾ ಇದ್ದೆ. ಅಳಬೇಡ ಅಮ್ಮ. ಒಂದು ಕಾಗದದಿಂದ ನೀನು ದಡ್ಡಿ ಆಗ್ತೀಯಾ? ಮುಂದಿನ ವರ್ಷ ಮತ್ತೆ ಬರಿ, ನಾನೇ ಹೇಳ್ಕೊಡ್ತೀನಿ."

ಆ ಹೆಗಲು ಬೆಚ್ಚಗಿತ್ತು. ಹೀಗೆಯೇ ಇನ್ನೊಂದು ಗಳಿಗೆ ಇರೋಣ ಎನಿಸಿತು ತಾಯಿಗೆ. ಇದ್ದಳು ಕೂಡ, ಅದೊಂದನ್ನು ಅವಳು ಆಮೇಲೆ ತನಗೆ ತಾನೇ ಕ್ಷಮಿಸಿಕೊಳ್ಳಲಿಲ್ಲ. ಈ ಹುಡುಗಿ ತನಗೇ ಬರಬೇಕಾದ ಸಮಾಧಾನವನ್ನೆಲ್ಲ ಕೈಯಾರೆ ಖರ್ಚು ಮಾಡಿ ಮುಗಿಸುತ್ತಿದ್ದಾಳೆ ಎಂದು ಸಂಕಟವಾಗಿ, ಕೊನೆಗೆ ತಲೆ ಎತ್ತಿದಳು.

"ಎರಡೂ ಪತ್ರದ ನಂಬರು ನೋಡು."

ಮಗಳು ನೋಡಿದಳು. ಇದನ್ನು ನೋಡಿದಳು, ಹಿಂದೆ ಹೋಗಿ ಅದನ್ನು ನೋಡಿದಳು, ಮತ್ತೆ ಇದಕ್ಕೆ ಬಂದಳು. ಬೆರಳು ನಿಂತಿತು. ಅವಳ ಮುಖದ ಬಣ್ಣ ಇಳಿಯುವುದನ್ನು ತಾಯಿ ಕಣ್ಣಾರೆ ಕಂಡಳು.

"ಮಂಗಳವಾರದ್ದು..."

ಈ ಮಾತನ್ನು ಹೇಗೆ ಹೇಳಬೇಕೆಂದು ತಾಯಿ ಮೂರು ದಿನ ಉರು ಹೊಡೆದಿದ್ದಳು. ಮೆಲ್ಲಗೆ, ತಲೆ ತಗ್ಗಿಸಿ, ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳಬೇಕೆಂದಿದ್ದಳು. "ಅದು ನಂದು," ಎಂದಳು. "ನನಗೆ ಸೀಟು ಸಿಕ್ಕಿದೆ." ಆದರೆ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಅದನ್ನು ಹೇಳುತ್ತಿದ್ದಳಲ್ಲ, ದನಿ ಅವಳ ಮಾತು ಕೇಳಲಿಲ್ಲ. ಅದರಲ್ಲಿ ಇದ್ದದ್ದು ಸಂತೋಷ, ಬರೀ ಸಂತೋಷ, ಹತ್ತೊಂಬತ್ತರ ಹುಡುಗಿಯೊಬ್ಬಳ ಸಂತೋಷ. ಮಗಳಿಗೂ ಅದು ಕೇಳಿಸಿಬಿಟ್ಟಿತು.

ತಾಯಿ ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಮಗಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕೊನೆಗೆ ತಾಯಿಯ ಕೈಗಳನ್ನು ಹಿಡಿದು ಬಾಯಿಂದ ಕೆಳಗೆ ಎಳೆದಳು.

"ಇನ್ನೊಂದ್ಸಲ ಹೇಳು," ಎಂದಳು. "ಹಾಗೇ ಹೇಳು."